ಬೆಂಚಿಗಾಗಿ ನೀರಿಗಿಳಿದ ನೆಲಿದಾ

ಬೆಳಗಿನ ಐದೂವರೆ. ತಾರ್ಮಾದ ಬೀದಿದೀಪಗಳು ಇನ್ನೂ ಆರಿಲ್ಲ. ರಾತ್ರಿ ಬಿದ್ದ ಹಿಮ ಕಾಲೇಜಿನ ಸಿಮೆಂಟು ಅಂಗಳದ ಮೇಲೆ ಉಪ್ಪು ಚೆಲ್ಲಿದಂತೆ ಕೂತಿದೆ. ಪಟ್ಟೆಪಟ್ಟೆಯ ಮಾಂತಾ ಬಟ್ಟೆಯನ್ನು ಎದೆಯ ಮೇಲೆ ಗಂಟುಹಾಕಿ, ಬೆನ್ನ ತುಂಬ ಹೊರೆ ಹೊತ್ತು ಗಿಡ್ಡನೆಯ ಹೆಂಗಸೊಬ್ಬರು ಏರು ಹತ್ತಿ ಬರುತ್ತಾರೆ. ಮೂಲೆಯಲ್ಲಿ ಬಿಸಿ ಕಷಾಯ ಮಾರುವವನು ದಿನವೂ ಕೇಳುವುದನ್ನೇ ಇವತ್ತೂ ಕೇಳುತ್ತಾನೆ.

“ಮಕ್ಳು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ವಾ, ಪ್ರೊಫೆ?”

“ಒಂದು ಸ್ವಲ್ಪ ಸೊರಗಿದೆ. ಮಿಕ್ಕಿದ್ದೆಲ್ಲ ಗುಂಡುಕಲ್ಲು.”

ಮಾಂತಾದೊಳಗೆ ಇರುವುದು ಆರು ವಾಲಿಬಾಲ್‌ಗಳು. ಉಗ್ರಾಣದಲ್ಲಿ ಬಿಟ್ಟರೆ ಈ ಬೆಟ್ಟದೂರಿನ ಚಳಿಗೆ ಚೆಂಡು ಮರಗಟ್ಟುತ್ತದೆ. ಮರಗಟ್ಟಿದ ಚೆಂಡು ಮುಂಗೈಗೆ ಬಡಿದರೆ ಹುಡುಗಿಯರು ಮೊದಲ ಏಟಿಗೇ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಅದಕ್ಕೇ ನೆಲಿದಾ ಓರಿವೇಲ ಅವನ್ನು ಮನೆಗೆ ಹೊತ್ತೊಯ್ದು ಒಲೆಯ ಪಕ್ಕ ಮಲಗಿಸುತ್ತಾರೆ. ಈ ಶಿಕ್ಷಕರ ತರಬೇತಿ ಕಾಲೇಜಿನ ಹೆಣ್ಣುಮಕ್ಕಳ ಟೀಮಿಗೆ ಅವರು ಕೋಚ್ ಆಗಿ ಹತ್ತೊಂಬತ್ತು ವರ್ಷ; ಊರಿಗೆಲ್ಲ ‘ಪ್ರೊಫೆ’, ಅಂದರೆ ಟೀಚರಮ್ಮ. ವಿಚಿತ್ರವೆಂದರೆ, ಮೂರು ವರ್ಷಗಳಿಂದ ಅದೇ ಕಾಲೇಜಿನ ವಿದ್ಯಾರ್ಥಿನಿಯೂ ಹೌದು.

ನೆಲಿದಾ ಆಟ ಕಲಿತದ್ದು ಬೀದಿಯಲ್ಲಿ. ವಿದ್ಯುತ್ ಕಂಬದಿಂದ ಎದುರು ಮನೆಯ ಕಿಟಕಿ ಸರಳಿಗೆ ಹಗ್ಗ ಕಟ್ಟಿದರೆ ಅದೇ ನೆಟ್. ಭಾನುವಾರ ಮಧ್ಯಾಹ್ನ ಅಮ್ಮಂದಿರೆಲ್ಲ ನೆರಿಗೆಯ ಲಂಗ ಎತ್ತಿ ಸಿಕ್ಕಿಸಿ ಇಳಿಯುತ್ತಿದ್ದರು. ಸೋತವರು ಎಲ್ಲರಿಗೂ ಸೋಡಾ ಕೊಡಿಸಬೇಕು. ಹೂವಿನ ಲಾರಿ ಬಂದರೆ ಇಬ್ಬರು ಪೊರಕೆ ಕೋಲಿನಿಂದ ಹಗ್ಗ ಎತ್ತಿ ಹಿಡಿದು ದಾರಿ ಬಿಡುತ್ತಿದ್ದರು. ನೆಲಿದಾರ ತಾಯಿ ತೆಯೊಫಿಲಾ ಸಂತೆಯಲ್ಲಿ ಗ್ಲಾಡಿಯೋಲಸ್ ಹೂ ಮಾರುವವರು, ಬೀದಿಯ ಆಟದಲ್ಲಿ ದೊಡ್ಡ ಹೊಡೆತಗಾತಿ. ಹನ್ನೊಂದರ ಮಗಳನ್ನು ಆಟಕ್ಕೆ ಎಳೆದದ್ದು ಅವರೇ. “ಒಬ್ಬಳು ಕಮ್ಮಿ ಇದ್ಲು, ಎಳ್ಕೊಂಡೆ ಅಷ್ಟೇ. ಇಲ್ದಿದ್ರೆ ಸೋಡಾ ನಾನು ಕೊಡಿಸ್ಬೇಕಾಗ್ತಿತ್ತು,” ಎನ್ನುತ್ತಾರೆ ತೆಯೊಫಿಲಾ ಅಜ್ಜಿ.

ಹದಿನೇಳಕ್ಕೆ ರಾಜಧಾನಿ ಲಿಮಾದಲ್ಲಿ ಆಯ್ಕೆಗೆ ಕರೆ ಬಂತು. ಗೋಡೆಗೆ ನಿಲ್ಲಿಸಿ ಎತ್ತರ ಅಳೆದವರು ಚೆಂಡನ್ನೇ ಮುಟ್ಟಿಸಲಿಲ್ಲ. “ಇನ್ನೊಂದು ಗೇಣು ಬೆಳ್ಕೊಂಡು ಬಾ ಅಂದ್ರು. ಬಂದ್ಬಿಟ್ಟೆ. ಆಮೇಲೆ ಬೆಳೆಯೋದನ್ನ ಮರ್ತೇಬಿಟ್ಟೆ,” ಎಂದು ನೆಲಿದಾ ನಗುತ್ತಾರೆ.

ಹೊಟ್ಟೆಪಾಡಿಗೆ ಈ ಕಾಲೇಜಿನಲ್ಲಿ ಕಸ ಗುಡಿಸುವ ಕೆಲಸ ಹಿಡಿದರು. ಅಲ್ಲಿಂದ ಆಟದ ಸಾಮಾನಿನ ಕೋಣೆಯ ಬೀಗದ ಕೈ ಸಿಕ್ಕಿತು. ಪಂದ್ಯಗಳಲ್ಲಿ ಗೆರೆ ಕಾಯಲು ಬಾವುಟ ಹಿಡಿಯುವವರಿಲ್ಲದಾಗ ಬಾವುಟವೂ ಸಿಕ್ಕಿತು. ಕರಾವಳಿಯಿಂದ ಬಂದಿದ್ದ ಕೋಚ್‌ಗೆ ಇಲ್ಲಿಯ ಗಾಳಿ ಒಗ್ಗಲಿಲ್ಲ, ತಲೆನೋವು, ವಾಂತಿ. ಒಂದು ಭಾನುವಾರ ಅವರು ಬರಲೇ ಇಲ್ಲ. ಕೋಚ್ ಇಲ್ಲದೆ ಆಡುವಂತಿಲ್ಲ. ಹುಡುಗಿಯರು ಬಾವುಟ ಕಿತ್ತುಕೊಂಡು ನೆಲಿದಾರನ್ನು ಕೋಚಿನ ಬೆಂಚಿಗೆ ತಳ್ಳಿದರು: “ಇವತ್ತೊಂದಿನ ಕೂತ್ಕೊಳಕ್ಕಾ.”

ಆ ಒಂದು ದಿನ ಇನ್ನೂ ಮುಗಿದಿಲ್ಲ.

ಮುಗಿಸಲು ಹೊರಟದ್ದು ಹೊಸ ನಿಯಮ. ಈ ಸಲದ ಪಂದ್ಯಾವಳಿಯಿಂದ ದೈಹಿಕ ಶಿಕ್ಷಣದ ಪದವಿ ಇದ್ದವರಿಗೆ ಮಾತ್ರ ಬೆಂಚು. ಇಲ್ಲದವರು ತಂತಿಬೇಲಿಯ ಆಚೆ, ಪ್ರೇಕ್ಷಕರ ನಡುವೆ. ಅಲ್ಲಿಂದ ಕೂಗಿ ಹೇಳಿಕೊಟ್ಟರೆ ಟೀಮಿಗೇ ದಂಡ. ನಿಯಮ ಬರುತ್ತದೆಂಬ ಸುಳಿವು ಸಿಕ್ಕಾಗಲೇ ನೆಲಿದಾ ಹೋಗಿ ಅದೇ ಕಾಲೇಜಿಗೆ ವಿದ್ಯಾರ್ಥಿನಿಯಾಗಿ ಸೇರಿದರು. ಬೆಳಿಗ್ಗೆ ಎಂಟರವರೆಗೆ ಅವರು ಕೋಚ್. ಗಂಟೆ ಹೊಡೆದ ಮೇಲೆ ಅದೇ ಹುಡುಗಿಯರ ಪಕ್ಕದಲ್ಲಿ ಕೂರುವ ಸಹಪಾಠಿ. “ಗಂಟೆ ಆದ್ಮೇಲೆ ನನ್ನ ‘ನೀನು’ ಅನ್ನಿ” ಎಂದು ಅವರು ಎಷ್ಟು ಹೇಳಿದರೂ ಯಾರ ನಾಲಿಗೆಯೂ ತಿರುಗಲಿಲ್ಲ.

ಅಂಗರಚನೆ ಪಾಸಾಯಿತು, ಬೋಧನಾ ಶಾಸ್ತ್ರ ಪಾಸಾಯಿತು. ಉಳಿದದ್ದು ಒಂದೇ, ಈಜು. ಈಜುಕೊಳದ ಈ ತುದಿಯಿಂದ ಆ ತುದಿಗೆ, ನೆಲಕ್ಕೆ ಕಾಲು ತಾಗಿಸದೆ ಹೋಗಬೇಕು. ನಲವತ್ತಾರು ವರ್ಷದಲ್ಲಿ ನೆಲಿದಾ ಮೊಣಕಾಲಿಗಿಂತ ಆಳದ ನೀರಿಗೆ ಇಳಿದವರಲ್ಲ. ಇಲ್ಲಿಯ ಹೊಳೆಗೆ ಕಾಲಿಟ್ಟರೆ ಮೂಳೆ ಕೊರೆಯುತ್ತದೆ, ಈಜುವುದೆಲ್ಲಿ? “ಈ ವಯಸ್ಸಲ್ಲಿ ಟ್ರೌಟ್ ಮೀನು ಆಗಕ್ಕೆ ಹೊರಟಿದ್ದಾಳೆ. ಹಿಡ್ಕೊಂಡು ಬಂದ್ರೆ ಹುರಿದ್‌ಕೊಡ್ತೀನಿ,” ಎಂದು ತಾಯಿ ಸಂತೆಯ ತುಂಬ ಸಾರಿದರು.

ಬೆಟ್ಟ ಇಳಿದು ಒಂದೂವರೆ ಗಂಟೆ ವ್ಯಾನಿನಲ್ಲಿ ಹೋದರೆ ಸಾನ್ ರಮೋನ್. ಕಿತ್ತಳೆ ಬೆಳೆಯುವ ಸೆಕೆಯ ಊರು. ಅಲ್ಲೊಂದು ಕೊಳವಿದೆ. ಪ್ರತಿ ಶನಿವಾರ ಟೀಮಿನ ಹುಡುಗಿಯರೆಲ್ಲ ಕೋಚನ್ನು ಅಲ್ಲಿಗೆ ಕರೆದೊಯ್ದರು. ಕಲಿಸಲು ನಿಂತದ್ದು ನಾಯಕಿ ಮಾರಿಲೂ ಇಂಗಾ. ಆ ಕೆಳಗಿನೂರಲ್ಲೇ ಹುಟ್ಟಿದವಳು, ನೀರಲ್ಲೇ ಬೆಳೆದವಳು.

“ಮೊಣಕೈ, ಪ್ರೊಫೆ, ಮೊಣಕೈ! ನಿದ್ದೆ ಮಾಡಕ್ಕೆ ಬಂದಿದೀರಾ? ಆ ಕೈಗಳನ್ನ ನಿಮ್ಮಜ್ಜಿ ಹತ್ರ ಸಾಲ ತಂದಿದೀರಾ?”

ದಡದಲ್ಲಿ ಕೂತ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಷರಕ್ಷರವೂ ನೆಲಿದಾರದೇ ಮಾತು. ಮೂಗಿನಿಂದ ನೀರಿಳಿಯುತ್ತಿದ್ದ ನೆಲಿದಾ ದಡದ ಕಂಬಿಗೆ ಜೋತುಬಿದ್ದು ಕೇಳಿದರು, “ನಾನು ಹಿಂಗೇ ಕಿರುಚ್ತೀನಾ?”

“ಇಲ್ಲ ಪ್ರೊಫೆ. ಇದಕ್ಕಿಂತ ಜೋರಾಗಿ.”

ಎಷ್ಟು ಕೂಗಿದರೂ ನೆಲಿದಾ ಕಂಬಿ ಬಿಡಲಿಲ್ಲ. ಮಾರಿಲೂ ಕೂಗುವುದನ್ನು ಬಿಟ್ಟಳು. ಎದೆಮಟ್ಟದ ನೀರಿನಲ್ಲಿ ಎದುರಿಗೆ ನಿಂತು, ಅಂಗೈ ಚಾಚಿ, ಮುಟ್ಟದೆ, ಹಿಂದು ಹಿಂದಕ್ಕೆ ನಡೆಯತೊಡಗಿದಳು. ಆ ಅಂಗೈಗಳನ್ನು ಹಿಡಿಯಲೆಂದು ನೆಲಿದಾ ಮೊದಲ ಬಾರಿ ಕಂಬಿ ಬಿಟ್ಟರು.

ಆ ಸೋಮವಾರದಿಂದ ಅಂಗಳದಲ್ಲೂ ಒಂದು ಬದಲಾವಣೆ. ಚೆಂಡು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ, ಮೊದಲ ವರ್ಷದವಳು. ನೆಲಿದಾ ಈಗ ಅವಳಿಗೆ ಕೂಗುವುದಿಲ್ಲ. ಒಲೆಯ ಕಾವು ಇನ್ನೂ ಉಳಿದಿರುವ ಚೆಂಡೊಂದನ್ನು ಆರಿಸಿ, ಎರಡು ಹೆಜ್ಜೆ ದೂರದಿಂದ ಕೈಗೆ ಹಾಕುತ್ತಾರೆ. ಮೂರು ಹೆಜ್ಜೆ, ನಾಲ್ಕು. ಉಳಿದವರಿಗೆ ಮಾತ್ರ ಬೈಗುಳದಲ್ಲಿ ಕಡಿತವೇನಿಲ್ಲ.

ಪರೀಕ್ಷೆಯ ಶನಿವಾರ ಟೀಮಿಗೆ ಟೀಮೇ ಸಾನ್ ರಮೋನ್‌ನಲ್ಲಿತ್ತು. ದಡದಿಂದ ಯಾರೂ ಬಾಯಿ ಬಿಡುವಂತಿಲ್ಲ ಎಂದ ಪರೀಕ್ಷಕ. ನೆಲಿದಾ ಮೂಗು ಹಿಡಿದು ಧುಮುಕಿದರು. ಅರ್ಧದಾರಿಯವರೆಗೆ ಸರಿಯಾಗಿತ್ತು. ಅಲ್ಲಿ ನೀರು ಬಾಯಿಗೆ ನುಗ್ಗಿತು, ಕಾಲು ಕೆಳಗಿಳಿಯಿತು. ನೆಲ ತಾಗಿದರೆ ಬೆಂಚು ಹೋಯಿತು. ಕೆಮ್ಮುತ್ತ ಕತ್ತೆತ್ತಿದಾಗ ದಡದ ಮೇಲೆ ಹದಿನಾಲ್ಕು ಹುಡುಗಿಯರು ಸಾಲಾಗಿ ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತಿರುವುದು ಕಂಡಿತು. ತುಟಿ ಬಿಗಿದಿದ್ದರು, ಎಲ್ಲರ ಅಂಗೈಗಳೂ ಚಾಚಿದ್ದವು. ನೆಲಿದಾ ಕಾಲು ಮೇಲೆತ್ತಿಕೊಂಡು ಒದೆಯತೊಡಗಿದರು.

ಗೋಡೆ ಮುಟ್ಟಿದ ಮೇಲೆ ಪರೀಕ್ಷಕ ತಲೆ ಕೆರೆದುಕೊಂಡ. “ಇದು ಯಾವ ಶೈಲಿ ತಾಯಿ?”

“ಶೈಲಿ ನೀವು ಕೇಳ್ಲಿಲ್ಲ ಸ್ವಾಮಿ. ಆ ಕಡೆಗೆ ಹೋಗು ಅಂದ್ರಿ. ಹೋದೆ.”

ಆತ ಪಾಸು ಮಾಡಿದ. ದಾರಿಯುದ್ದಕ್ಕೂ ವ್ಯಾನಿನಲ್ಲಿ ಹಾಡು, ಕಿತ್ತಳೆ ಸಿಪ್ಪೆ, ಒದ್ದೆ ಕೂದಲು. ಮನೆಯಲ್ಲಿ ಅಜ್ಜಿ ನಿಜಕ್ಕೂ ಟ್ರೌಟ್ ಹುರಿದಿಟ್ಟಿದ್ದರು. “ನೀನಂತೂ ಹಿಡ್ಕೊಂಡ್ ಬರಲ್ಲ ಅಂತ ಗೊತ್ತಿತ್ತು. ಕೊಂಡ್ಕೊಂಡ್ ಬಂದೆ.”

ಇನ್ನೇನು ಆಸೆ ಇದೆ ಎಂದು ಕೇಳಿದರೆ ನೆಲಿದಾ ಹೇಳುವುದು ಇಷ್ಟೇ: “ಕಾಲೇಜಿನ ಹಳೇ ನೆಟ್ ಕೊಟ್ರೆ ನಮ್ಮ ಬೀದಿಗೆ ಕಟ್ತೀನಿ. ಅಮ್ಮಂದಿರು ಇನ್ನೂ ಹಗ್ಗದಲ್ಲೇ ಆಡ್ತಿದಾರೆ. ಚೆಂಡು ಮೇಲೆ ಹೋಯ್ತೋ ಕೆಳಗೆ ಹೋಯ್ತೋ ಅಂತ ಜಗಳ.”

ಈ ಭಾನುವಾರ ಪಂದ್ಯಾವಳಿಯ ಮೊದಲ ಆಟ. ಬೇಲಿಯ ಆಚೆ ಹೂವಿನ ಬುಟ್ಟಿ ಮಡಿಲಲ್ಲಿಟ್ಟು ತೆಯೊಫಿಲಾ ಕೂತಿದ್ದಾರೆ. ಬೇಲಿಯ ಈಚೆ ಕೋಚಿನ ಬೆಂಚು. ಅದರ ಮೇಲೆ ಮಡಚಿಟ್ಟ ಪಟ್ಟೆಪಟ್ಟೆಯ ಮಾಂತಾ ಒಂದೇ ಕೂತಿದೆ. ನೆಲಿದಾ ಗೆರೆಯ ಪಕ್ಕ ತುದಿಗಾಲಲ್ಲಿ ನಿಂತಿದ್ದಾರೆ.

“ಕೂತ್ಕೊಳೇ!” ಎಂದು ತಾಯಿ ಬೇಲಿಯಾಚೆಯಿಂದ ಗದರುತ್ತಾರೆ. “ಅಷ್ಟು ನೀರು ಕುಡ್ದಿದ್ದು ಆ ಬೆಂಚಿಗೇ ತಾನೆ?”

ನೆಲಿದಾ ಆಟದಿಂದ ಕಣ್ಣು ತೆಗೆಯುವುದಿಲ್ಲ. “ಕೂತ್ರೆ ನೆಟ್ಟಿನ ಆಚೆ ಕಾಣಲ್ಲಮ್ಮಾ. ನಾನು ಗಿಡ್ಡಿ.”