ರಾಣಿ ನಿಂತಿದ್ದ ಹಲಗೆ

ಹೋದ ವಾರ ಮಂಚದ ಅಡಿ ಗುಡಿಸುವಾಗ ಅಮ್ಮ ಒಂದು ಉದ್ದನೆಯ ಹಲಗೆಯನ್ನು ಹೊರಗೆಳೆದರು. ಗುಜರಿಗೆ ಹಾಕಲಾ ಅಂತ ಕೇಳಿದರು. ನಾನು ಸುಮ್ಮನೆ ಅದರ ಮೇಲೆ ಕಾಲಿಟ್ಟೆ. ಧಪ್ ಅಂತು. ಆ ಸದ್ದಿಗೆ ಎದುರುಮನೆಯ ಆಂಟಿ ನೆನಪಾದರು…

ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಅವರಷ್ಟು ನಾಟಕದ ಹುಚ್ಚು ಯಾರಿಗೂ ಇರಲಿಲ್ಲ. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಹಳೆಯ ರಾಜ-ರಾಣಿ ನಾಟಕವೊಂದು ಪೂರ್ತಿ ಬಾಯಿಗೆ ಬರುತ್ತಿತ್ತು. ಆದರೆ ಬಿದ್ದುಬಿಡುತ್ತಾರೆ ಅಂತ ಯಾರೂ ಅವರನ್ನು ಸ್ಟೇಜ್ ಹತ್ತಿಸಿರಲಿಲ್ಲ. ನಾನಾಗ ಮೊಬೈಲಿನಲ್ಲಿ ಶೂಟ್ ಮಾಡುವುದನ್ನು ನಾನಾಗಿಯೇ ಕಲಿಯುತ್ತಿದ್ದೆ. "ಸ್ಟೇಜ್ ಯಾಕೆ ಆಂಟಿ, ಸಿನಿಮಾನೇ ಮಾಡೋಣ" ಅಂದುಬಿಟ್ಟೆ.

ರಾಜನಾಗಲು ಸಿಕ್ಕವರು ದೀಪಾಂಜಲಿ ನಗರದ ಟೈಲರ್ ಅಣ್ಣ. ಅವರಿಗೆ ಕಿವಿ ಕೇಳಿಸುವುದಿಲ್ಲ, ಮಾತೆಲ್ಲ ಕೈಯಲ್ಲೇ. ರಾಣಿಗೆ ರಾಜನ ಕೈ ಕಾಣದು, ರಾಜನಿಗೆ ರಾಣಿಯ ಮಾತು ಕೇಳದು.

"ಒಳ್ಳೇ ಗಂಡ ಹೆಂಡ್ತಿ ಕಣೋ, ಜಗಳಕ್ಕೆ ಜಾಗಾನೇ ಇಲ್ಲ" ಅಂತ ಆಂಟಿ ನಕ್ಕರು.

ದಾರಿ ಹುಡುಕಿದವರೂ ಅವರೇ. ಟೆರೇಸಿನ ಮೇಲೆ ಈ ಹಲಗೆ ಹಾಕಿಸಿದರು. ಇಬ್ಬರೂ ಬರಿಗಾಲಲ್ಲಿ ಅದರ ಮೇಲೆ ನಿಂತರು. ತಮ್ಮ ಮಾತು ಮುಗಿದಾಗ ಆಂಟಿ ಹಿಮ್ಮಡಿ ಬಡಿಯುತ್ತಿದ್ದರು, ಅದುರಿದ್ದು ಅಣ್ಣನ ಪಾದಕ್ಕೆ ಗೊತ್ತಾಗುತ್ತಿತ್ತು. ಅಣ್ಣ ಕೈಮಾತು ಮುಗಿಸಿ ಬಡಿದರೆ ಆಂಟಿಗೆ ಕೇಳಿಸುತ್ತಿತ್ತು. ರಾಜನಿಗೆ ಸಿಟ್ಟು ಬಂದರೆ ಬಡಿತ ಜೋರು, ಮನಸ್ಸು ಕರಗಿದರೆ ಮೆಲ್ಲಗೆ…

"ಮುಗಿದ್ಮೇಲೆ ನಾನೂ ನೋಡ್ಬೇಕು. ಪಕ್ಕದಲ್ಲಿ ಕೂತ್ಕೊಂಡು ಯಾರೂ ಹೇಳ್ಕೊಡ್ಬಾರ್ದು" ಅಂತ ಆಂಟಿ ಅಂದಿದ್ದರು. ಅವರಿಗಿದ್ದ ಆಸೆ ಅದೊಂದೇ.

ವಿಜಯನಗರದ ಒಂದು ಚಿಕ್ಕ ಹಾಲಿನಲ್ಲಿ ಸಿನಿಮಾ ಹಾಕಿದೆವು. ಎಡಿಟಿಂಗ್ ಮಾಡಿದ್ದ ನನ್ನ ಗೆಳೆಯ ಕೊನೇ ಗಳಿಗೆಯಲ್ಲಿ ಪೆನ್‌ಡ್ರೈವ್ ಹಿಡಿದು ಬಂದ. ರಾಣಿ ನ್ಯಾಯ ಕೇಳಿದಳು. ರಾಜನ ಕೈ ಆಡಿತು, ಅವನ ಮಾತು ಅಕ್ಷರಗಳಲ್ಲಿ ಕೆಳಗೆ ಮೂಡಿತು. ಬಡಿತದ ಸದ್ದೇ ಇಲ್ಲ. ಗೆಳೆಯ ನನ್ನ ಕಿವಿಯ ಹತ್ತಿರ ಬಂದು, "ಸೌಂಡ್ ಹೆಂಗೆ ಮಗಾ? ಧಪ್ ಧಪ್ ಅಂತ ಕಾಟ ಕೊಡ್ತಿತ್ತು, ಎಲ್ಲಾ ತೆಗ್ದಾಕ್ದೆ" ಅಂದ.

ಪಕ್ಕದಲ್ಲಿದ್ದ ಆಂಟಿ ಕತ್ತು ಮುಂದೆ ಚಾಚಿ ಕೂತಿದ್ದರು. "ಅಣ್ಣ ಎಲ್ಲೋ?" ಅಂತ ಕೇಳಿದರು. ಪರದೆ ಮೇಲೇ ಇದ್ದಾರೆ ಅಂದೆ. ಸ್ವಲ್ಪ ಹೊತ್ತಿಗೆ ಅವರ ಹಿಮ್ಮಡಿ ನೆಲ ಬಡಿಯತೊಡಗಿತು. ರಾಜ ಉತ್ತರ ಕೊಡಬೇಕಾದ ಜಾಗಗಳಲ್ಲೆಲ್ಲ ಅವರೇ ಬಡಿದರು.

"ಯಾರ್ರೀ ಅದು ಕಾಲು ಬಡಿಯೋದು? ಸಿನಿಮಾ ನೋಡೋಕ್ ಬಿಡ್ರೀ" ಅಂತ ಹಿಂದಿನಿಂದ ಒಂದು ದನಿ.

ಆಂಟಿ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಆಮೇಲೆ ಅಲ್ಲಾಡಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ, "ಚೆನ್ನಾಗಿತ್ತೇನೋ ನಮ್ ಸಿನಿಮಾ?" ಅಂತ ನನ್ನನ್ನು ಕೇಳಿದರು. ಚೆನ್ನಾಗಿತ್ತು ಆಂಟಿ ಅಂದೆ.

ಗೆಳೆಯ ಪಾಪ, ಹಳೇ ಕ್ಲಿಪ್‌ಗಳಿಂದ ಬಡಿತಗಳನ್ನೆಲ್ಲ ಹೆಕ್ಕಿ ಮತ್ತೆ ಜೋಡಿಸಿದ. ಅಷ್ಟರಲ್ಲಿ ಆಂಟಿ ಆಸ್ಪತ್ರೆ ಸೇರಿದ್ದರು. ಮನೆಗೆ ಬರಲಿ, ಆರಾಮಾಗಿ ಕೂತು ಕೇಳಿಸೋಣ ಅಂದುಕೊಂಡೆವು. ಅವರು ಬರಲಿಲ್ಲ.

ಹಲಗೆಯನ್ನು ಗುಜರಿಗೆ ಕೊಡಲಿಲ್ಲ. ಭಾನುವಾರ ಟೈಲರ್ ಅಣ್ಣನನ್ನು ಕರೆಸಿ, ಅದರ ಮೇಲೆ ಸ್ಪೀಕರ್ ಇಟ್ಟು ಸಿನಿಮಾ ಹಾಕಿದೆ. ಅವರು ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಿಂತರು. ರಾಣಿ ಮಾತು ಮುಗಿಸಿ ಹಿಮ್ಮಡಿ ಬಡಿದಳು, ಹಲಗೆ ಅದುರಿತು. ಅಣ್ಣ ಪರದೆ ನೋಡುತ್ತಿರಲಿಲ್ಲ, ತಮ್ಮ ಪಾದವನ್ನೇ ನೋಡುತ್ತಿದ್ದರು. ಸಿನಿಮಾ ಮುಗಿದ ಮೇಲೂ ಹಲಗೆಯಿಂದ ಇಳಿಯಲಿಲ್ಲ.