ಎಂಜಿನ್ ಇಳಿಸಲು ಹೊರಟ ದಿನ

ಕಳೆದ ವರ್ಷ ಮಳೆ ಮುಗಿದು ಹಿನ್ನೀರು ತುಂಬಿ ನಿಂತಿದ್ದಾಗ ನಮ್ಮ ದೋಣಿ ಕಪ್ಪು ಹೊಗೆ ಉಗುಳತೊಡಗಿತು. ಹೊಳೆಬಾಗಿಲಿನ ಕಡೆ ಸೇತುವೆಯಾದ ಮೇಲೂ ನಮ್ಮ ಮನೆಗೆ ನೀರಿನ ದಾರಿಯೇ ಹತ್ತಿರ. ಹಿಂಡಿ, ಗೊಬ್ಬರ, ಗ್ಯಾಸ್ ಸಿಲಿಂಡರ್, ಸಾಗರದಿಂದ ಬರುವ ನೆಂಟರು, ಎಲ್ಲರೂ ಎಲ್ಲವೂ ಬರುವುದು ಆ ಪುಟ್ಟ ಡೀಸೆಲ್ ಎಂಜಿನ್ನನ್ನು ನಂಬಿಕೊಂಡೇ.

ಮೊದಲು ಹೊಗೆ, ಆಮೇಲೆ ಸುಸ್ತು. ಎಷ್ಟು ರೇಸ್ ಕೊಟ್ಟರೂ ದೋಣಿ ತಿಂದು ಮಲಗಿದ ಎಮ್ಮೆಯ ಹಾಗೆ ಮಿಸುಕುತ್ತಿತ್ತು. ಸಾಗರದ ಮೆಕ್ಯಾನಿಕ್‌ಗೆ ಮೊಬೈಲಿನಲ್ಲಿ ವಿಡಿಯೊ ಕಳಿಸಿದೆ.

"ಎಂಜಿನ್ ಒಳಗೆ ಸವೆದು ಬೋರಿಗೆ ಬಂದಂಗೆ ಕಾಣ್ತದೆ. ಪಿಸ್ಟನ್, ರಿಂಗು ಎಲ್ಲ ಹೊಸದು ಬೇಕಾಗ್ಬಹುದು. ಇಳಿಸ್ಕಂಡು ಬನ್ನಿ, ಬಿಚ್ಚಿ ನೋಡಿ ಹೇಳ್ತೀನಿ" ಎಂದರು. ಅವರನ್ನು ದೂರುವಂತಿಲ್ಲ. ನಾನು ತೋರಿಸಿದ್ದು ಬರೀ ಹೊಗೆಯನ್ನು.

ಭಾರ ಎತ್ತಲು ಅಕ್ಕಪಕ್ಕದ ಮೂವರು ಒಪ್ಪಿದರು. ಯಾವ ಬೋಲ್ಟು ಮೊದಲು ಬಿಚ್ಚಬೇಕೆಂದು ಹೇಳಲು ಕಾರ್ಗಲ್‌ನಿಂದ ಚಿಕ್ಕಪ್ಪನನ್ನು ಕರೆಸಿದೆ. ಅಲ್ಲಿನ ವಿದ್ಯುತ್ ಪ್ರಾಜೆಕ್ಟಿನ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಬರಿಗೈಯಲ್ಲಿ ಬಂದರು, ಒಂದು ಸ್ಪಾನರ್ ಕೂಡ ತಂದಿರಲಿಲ್ಲ.

"ಬೆಳಿಗ್ಗೆ ಸ್ಟಾರ್ಟ್ ಆಗ್ಲಿಕ್ಕೆ ಹಟ ಮಾಡ್ತದಾ?"

"ಇಲ್ಲ, ಹ್ಯಾಂಡಲ್ ಒಂದ್ಸಲ ತಿರುಗಿಸಿದ್ರೆ ಸಾಕು."

"ಆಯಿಲ್ ಕುಡೀತದಾ?"

"ಹಾಕಿದ್ದು ಹಾಕಿದಷ್ಟೇ ಇದೆ."

ಚಿಕ್ಕಪ್ಪ ದೋಣಿಯನ್ನು ದಡಕ್ಕೆ ಕಟ್ಟಿದ ಹಾಗೇ ಇಟ್ಟು, ಗೇರ್ ಹಾಕದೆ ಎಂಜಿನ್ ಚಾಲೂ ಮಾಡಿದರು. ಹೊಗೆ ಇರಲಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಮೇಲೆ ಅಂಗೈ ಹಿಡಿದರು, ನನ್ನ ಕೈಯನ್ನೂ ಹಿಡಿಸಿದರು. ಉಸಿರಾಡಿದಷ್ಟು ಗಾಳಿಯೂ ಬರುತ್ತಿರಲಿಲ್ಲ.

"ರಿಂಗು ಸವೆದಿದ್ರೆ ಇಲ್ಲಿ ಬುಸುಬುಸು ಅಂತಿತ್ತು. ಇದು ಗಟ್ಟಿಯಾಗೇ ಇದೆ ಮಾರಾಯ. ಎಂತಕ್ಕೆ ಬಿಚ್ಚೋದು?"

ನನ್ನ ಹೆಂಡತಿಯೂ ಸೇರಿ ಎಲ್ಲರೂ ದೋಣಿ ಹತ್ತಿ ನೀರಿಗಿಳಿದೆವು. ನೂರು ಮಾರು ಹೋಗುವಷ್ಟರಲ್ಲಿ ಹಿಂದೆ ಕಪ್ಪು ಹೊಗೆ ಎದ್ದಿತು.

"ಖಾಲಿ ಓಡುವಾಗ ಇಲ್ಲ, ದೋಣಿ ತಳ್ಳುವಾಗ ಬರ್ತದೆ. ಅಂದ್ರೆ ಇದಕ್ಕೆ ಭಾರ ಆಗ್ತಿದೆ" ಎಂದರು ಚಿಕ್ಕಪ್ಪ. "ಈಚೆಗೆ ಎಂತಾದ್ರೂ ಬದಲಾಯಿಸಿದ್ಯಾ?"

"ಇಲ್ವಲ್ಲ" ಎಂದೆ. ನಿಜಕ್ಕೂ ನೆನಪಿರಲಿಲ್ಲವೋ, ನೆನಪಾಗುವುದು ಬೇಡವಾಗಿತ್ತೋ.

ಮುಂದೆ ಕೂತಿದ್ದ ಹೆಂಡತಿ ತಿರುಗಿ ನೋಡದೆಯೇ ಹೇಳಿದಳು: "ಫ್ಯಾನ್ ಹಾಕ್ಸಿದ್ರಲ್ಲ, ದೊಡ್ಡದು."

ದೋಣಿಯ ಅಡಿಯಲ್ಲಿ ತಿರುಗಿ ನೀರು ತಳ್ಳುವುದಕ್ಕೆ ನಾವು ಫ್ಯಾನ್ ಎನ್ನುತ್ತೇವೆ. ಆಚೆ ದಡದವರ ದೋಣಿ ದಿನಾ ನನ್ನನ್ನು ಹಿಂದೆ ಹಾಕುತ್ತಿತ್ತು, ಅದರಲ್ಲಿದ್ದವರು ಕೈ ಬೇರೆ ಬೀಸುತ್ತಿದ್ದರು. ಆ ಕೈಬೀಸು ತಡೆಯಲಾರದೆ ಭಟ್ಕಳದಿಂದ ದೊಡ್ಡ ಫ್ಯಾನ್ ತರಿಸಿ ಹಾಕಿಸಿದ್ದೆ. ವೇಗ ಜಾಸ್ತಿಯಾಗಿದೆ ಎಂದು ಊರೆಲ್ಲ ಹೇಳಿಕೊಂಡೂ ಇದ್ದೆ.

ಚಿಕ್ಕಪ್ಪ ನಗಲಿಲ್ಲ. ಅದೇ ನನಗೆ ಹೆಚ್ಚು ನಾಚಿಕೆ ತಂದಿತು. "ಹಳೇದು ಎಲ್ಲಿಟ್ಟಿದ್ದಿ?" ಎಂದಷ್ಟೇ ಕೇಳಿದರು.

ಹಳೆಯದು ಸೌದೆಯ ಹಿಂದೆ ಬಿದ್ದಿತ್ತು. ಎಂಜಿನ್ ಎತ್ತಲು ಬಂದಿದ್ದ ಮೂವರು ದೋಣಿಯ ಹಿಂಭಾಗವನ್ನೇ ದಡಕ್ಕೆ ಎಳೆದರು. ಮಧ್ಯಾಹ್ನದ ಊಟಕ್ಕೆ ಮೊದಲೇ ಫ್ಯಾನ್ ಬದಲಾಯಿತು. ಮತ್ತೆ ನೀರಿಗಿಳಿದಾಗ ಎಂಜಿನ್ ಸಲೀಸಾಗಿ ಏರಿದ ದನಿಯಲ್ಲಿ ಓಡಿತು. ಹಿಂದೆ ತಿರುಗಿ ನೋಡಿದರೆ ನೀರು, ಆಕಾಶ, ಅಷ್ಟೇ.

ಮೆಕ್ಯಾನಿಕ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಒಳ್ಳೇದಾಯ್ತು ಬಿಡಿ, ನಾನೂ ಅದನ್ನ ಕೇಳ್ಬೇಕಿತ್ತು" ಎಂದರು.

ಸಂಜೆ ಚಿಕ್ಕಪ್ಪನನ್ನು ಹೊಳೆಬಾಗಿಲಿಗೆ ಬಿಡಲು ಹೊರಟಾಗ ಅವರು, "ಕೊಡು, ನಾನೇ ಬಿಡ್ತೀನಿ" ಎಂದು ಚುಕ್ಕಾಣಿ ಹಿಡಿದರು. ಆಯುಷ್ಯವೆಲ್ಲ ಎಂಜಿನ್ ನೋಡಿದವರು ದೋಣಿ ನಡೆಸಿದ್ದು ಅದೇ ಮೊದಲು. ನಾವು ಹಾವಿನ ಹಾಗೆ ಡೊಂಕುಡೊಂಕಾಗಿ ಸಾಗಿ, ನೀರಲ್ಲಿ ನಿಂತ ಒಣಮರವೊಂದನ್ನು ಸವರಿಕೊಂಡು ಹೋದೆವು. ಹೆಂಡತಿ ಮೆಲ್ಲಗೆ ಎದ್ದು ಬಂದು, "ಚಿಕ್ಕಪ್ಪ, ನೀವು ಎಂಜಿನ್ ಹತ್ರ ಕೂತ್ಕೊಳ್ಳಿ" ಎಂದು ಚುಕ್ಕಾಣಿ ತೆಗೆದುಕೊಂಡಳು.