ಮಾಲೆ ಹಾಕಿಸಿಕೊಂಡ ನಟ

ಆರು ಭಾಷೆ ಬಲ್ಲ ನಟನೆಂದು ಪೊನ್ನಂಪೇಟೆಯಲ್ಲಿ ನನಗೊಂದು ಹೆಸರಿದೆ. ಹಬ್ಬಿಸಿದವನು ನಾನೇ. ಮನೆಯಲ್ಲಿ ಅರೆಭಾಷೆ, ಪಕ್ಕದ ಮನೆಯಲ್ಲಿ ಕೊಡವ, ಅಂಗಡಿಯಲ್ಲಿ ಮಲಯಾಳ, ತೋಟದ ಆಳುಗಳ ಲೈನ್‌ಮನೆಗಳಲ್ಲಿ ತಮಿಳು, ಹೀಗೆ ಕಿವಿಗೆ ಬಿದ್ದದ್ದೆಲ್ಲ ನಾಲಿಗೆಗೆ ಅಂಟಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಳುಗಳನ್ನು ಬೈಯುವುದನ್ನೂ, ಅವನು ಅತ್ತ ತಿರುಗಿದೊಡನೆ ಆಳುಗಳು ಅವನನ್ನು ಬೈಯುವುದನ್ನೂ ಮದುವೆಮನೆಗಳಲ್ಲಿ ಮಾಡಿ ತೋರಿಸುತ್ತಿದ್ದೆ. ಅದನ್ನು ಕಂಡು ಸಿನಿಮಾದವರು ಕರೆದರು. ಕರೆದು, ಬಾಯಿ ಮುಚ್ಚಿಸಿದರು.

ಮೊದಲನೆಯದು ಮಲಯಾಳ ಚಿತ್ರ. ಶ್ರೀಮಂಗಲದ ಕಡೆಯ ಬಂಗಲೆಯೊಂದರಲ್ಲಿ ಶೂಟಿಂಗ್. ನಾಯಕಿಯ ಸತ್ತ ಗಂಡನ ಫೋಟೊ ಬೇಕಾಗಿತ್ತು, ನಾನು ಎದುರಿಗೇ ನಿಂತಿದ್ದೆ. ನನ್ನ ಫೋಟೊ ತೆಗೆದು, ದೊಡ್ಡದು ಮಾಡಿ, ಮಾಲೆ ಹಾಕಿದರು. ನಾಯಕಿ ಅತ್ತಳು, ಚಿತ್ರ ಓಡಿತು. ಅಲ್ಲಿಂದ ತಮಿಳು, ತೆಲುಗು, ಕನ್ನಡ ಎಲ್ಲದರಲ್ಲೂ ನಾನು ಸತ್ತ ಗಂಡ. ಉಳಿದ ನಟರು ಒಂದೊಂದು ಭಾಷೆ ದಾಟಲು ಒದ್ದಾಡುತ್ತಾರೆ. ಗೋಡೆಗೆ ತೂಗುಬಿದ್ದವನಿಗೆ ಡಬ್ಬಿಂಗ್ ಕೂಡ ಬೇಕಿಲ್ಲ.

ಈ ಕೀರ್ತಿ ಹೊತ್ತು ನಾನೂ ಅಮ್ಮನೂ ಕರಿಕೆಗೆ ಹುಡುಗಿ ನೋಡಲು ಹೋದೆವು. ನೋಡುವುದೇನು, ಅವಳನ್ನು ಆಗಲೇ ಕಂಡಿದ್ದೆ. ಒಂದು ಮದುವೆಯಲ್ಲಿ ನನ್ನ ಮಿಮಿಕ್ರಿಗೆ ನಕ್ಕು, "ಬಸ್ ಕಂಡಕ್ಟರ್ ದನಿ ಮಾತ್ರ ಸುಳ್ಳು" ಎಂದು ಮುಖಕ್ಕೇ ಹೇಳಿದ್ದಳು. ಮದುವೆಯಾದರೆ ಇವಳನ್ನೇ ಎಂದು ಅಂದೇ ಅಮ್ಮನ ತಲೆ ತಿಂದಿದ್ದೆ.

ಕಾಫಿ ಬಂತು. ಹುಡುಗಿಯ ಅಜ್ಜಿ ನನ್ನನ್ನೇ ದಿಟ್ಟಿಸಿದರು.

"ಇವನ ಹೆಂಡತಿ ಅತ್ತದ್ದು ನಾನು ನೋಡಿದ್ದೇನೆ."

ಅಮ್ಮನ ಕೈಯ ಲೋಟ ನಡುದಾರಿಯಲ್ಲೇ ನಿಂತಿತು.

"ಅಜ್ಜಿ, ಅದು ಸಿನಿಮಾ!" ಎಂದೆ.

"ಸಿನಿಮಾ ಅಂತ ನಂಗೂ ಗೊತ್ತುಂಟು ಮೋನೇ. ಫೋಟೊ ನಿಂದೇ ಅಲ್ವಾ? ಮಾಲೆ ಹಾಕಿದ್ದೂ ನಿಜವೇ ಅಲ್ವಾ? ಜೀವ ಇರುವವನ ಫೋಟೊಗೆ ಯಾರಾದ್ರೂ ಮಾಲೆ ಹಾಕಿಸ್ತಾರಾ?"

ಹುಡುಗಿಯ ಅಪ್ಪ ಗಂಟಲು ಸರಿ ಮಾಡಿಕೊಂಡರು. "ಮಾತಾಡುವ ಪಾತ್ರ ಎಂಥದೂ ಇಲ್ವಾ ನಿಮಗೆ?"

ಉತ್ತರಿಸಲೆಂದು ಬಾಯಿ ತೆರೆದೆ. ಹೊರಬಂದದ್ದು ಅವರದೇ ಪ್ರಶ್ನೆ, ಅವರದೇ ದನಿಯಲ್ಲಿ, ಗಂಟಲು ಸರಿ ಮಾಡಿಕೊಂಡದ್ದೂ ಸೇರಿ. ಒಳಗಿನಿಂದ ಹುಡುಗಿ ನಕ್ಕಳು. ಅವಳ ಅಪ್ಪ ನಗಲಿಲ್ಲ. ಅಮ್ಮ ಮೇಜಿನಡಿ ನನ್ನ ಕಾಲು ತುಳಿದರು.

"ನಿನ್ನ ಹಾಗೇ ಉಂಟಲ್ಲಾ!" ಎಂದು ಅಜ್ಜಿ ಮಗನ ತೊಡೆ ತಟ್ಟಿದರು. ಆಮೇಲೆ ನನಗೆ ಬೆರಳು ತೋರಿಸಿದರು. "ಹುಡುಗಿ ಕೊಡುವ. ಇನ್ನು ಮಾಲೆ ಹಾಕಿಸಿಕೊಂಡ್ರೆ ಮಾತ್ರ ಮದುವೆ ಇಲ್ಲ."

ನನ್ನ ಇಡೀ ವೃತ್ತಿಜೀವನವೇ ಆ ಮಾಲೆ. ಒಪ್ಪಿಬಿಟ್ಟೆ.

ಮರುವಾರ ತೆಲುಗು ಚಿತ್ರದ ಮ್ಯಾನೇಜರ್ ಫೋನ್ ಮಾಡಿದ. ದೊಡ್ಡ ನಾಯಕಿ, ಉದ್ದದ ಅಳು, ಫೋಟೊಗೆ ಕ್ಲೋಸಪ್ಪೂ ಇತ್ತು. ಎದೆ ಗಟ್ಟಿಮಾಡಿ ಒಲ್ಲೆ ಎಂದೆ. ಜೀವವಿರುವ ಪಾತ್ರವಿದ್ದರೆ ಹೇಳಿ ಎಂದೆ.

"ಅದಕ್ಕೆ ನಟನೆ ಬರಬೇಕಲ್ಲಪ್ಪಾ," ಎಂದ.

ಕರಿಕೆಗೆ ಫೋನ್ ಮಾಡಿ, ಅವನ ದನಿಯಲ್ಲೇ ಇದನ್ನು ಹುಡುಗಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆಂದುಕೊಂಡಿದ್ದೆ.

"ಅವರು ಹೇಳಿದ್ದರಲ್ಲಿ ತಪ್ಪೇನುಂಟು?" ಎಂದಳು. "ಆಯ್ತು, ಮದುವೆಗೆ ಫೋಟೊ ತೆಗೆಯುವವನಿಗೆ ಹೇಳಿದ್ರಾ ಇಲ್ವಾ? ಆ ಮಾಲೆಗೆ ಅಜ್ಜಿ ಬೇಡ ಅನ್ನಲ್ಲ."